ಅಳಿಯಂದ್ರ ಉಸ್ತುವಾರಿ

ಗಾರೆಯವರಿಗೆ, ಕಂಬಿ ಕಟ್ಟುವವರಿಗೆ, ಟೈಲ್ಸ್ ಹಾಕುವ ನನಗೆ, ಎಲ್ಲರಿಗೂ ಅವನು ‘ಅಳಿಯಂದ್ರು’. ಕಂಟ್ರಾಕ್ಟರರ ಒಬ್ಬಳೇ ಮಗಳನ್ನು ಮದುವೆಯಾಗಿ, ಅವರ ಮನೆಯಲ್ಲೇ ಉಳಿದು, ಅವರ ಕೆಲಸವನ್ನೇ ಮಾಡುವವನನ್ನು ಇನ್ನೇನೆಂದು ಕರೆಯುವುದು? ಮನೆಯಲ್ಲೂ ಮಾವ, ಕೆಲಸದಲ್ಲೂ ಮಾವ.

ಮಾವ ವಾರಕ್ಕೊಮ್ಮೆ ಬಂದು, ಬೂಟಿಗೆ ಸಿಮೆಂಟ್ ತಾಗದ ಹಾಗೆ ನಿಂತು, ‘ಏನಪ್ಪಾ, ಹೇಗೆ ನಡೀತಿದೆ?’ ಎಂದು ಹೊರಟುಬಿಡುತ್ತಾರೆ. ಪಾಯದಿಂದ ತಾರಸಿಯವರೆಗೆ ಮಳೆ ಬಿಸಿಲೆನ್ನದೆ ನಿಲ್ಲುವವನು ಅಳಿಯ. ಬಾತ್‌ರೂಮಿನ ಇಳಿಜಾರನ್ನು ನಾನು ಕೂದಲೆಳೆಯಷ್ಟು ತಪ್ಪಿಸಿದರೂ ಒಂದು ಬಕೆಟ್ ನೀರು ಸುರಿದು ನನ್ನ ಮಾನ ಕಳೆಯುತ್ತಾನೆ. ಸಿಟ್ಟು ಬರುತ್ತದೆ. ಆದರೆ ನೀರು ಯಾವಾಗಲೂ ಅವನ ಪರವೇ ಹರಿಯುತ್ತದಲ್ಲ, ಏನು ಮಾಡಲಿ!

ಅವನಿಗೆ ಬೇಕಾದದ್ದು ಒಂದೇ, ತನ್ನದೇ ಲೈಸೆನ್ಸ್. ಮನೆ ಕಟ್ಟುವ ಕೆಲಸದ ಉಸ್ತುವಾರಿಗೆ ಲೈಸೆನ್ಸ್ ಬೇಕು. ಅದು ಸಿಗಬೇಕಾದರೆ ಲೈಸೆನ್ಸ್ ಇದ್ದವರ ಕೈಕೆಳಗೆ ಐದು ವರ್ಷ ಉಸ್ತುವಾರಿ ಮಾಡಿರಬೇಕು, ಮಾಡಿದ್ದಾನೆಂದು ಅವರೇ ಸಹಿ ಹಾಕಬೇಕು. ಐದು ವರ್ಷ ಎಂದೋ ಕಳೆದಿದೆ, ಪರೀಕ್ಷೆಯೂ ಪಾಸಾಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಊಟಕ್ಕೆ ಕೂತಾಗ ಒಮ್ಮೆ ಕೇಳಿದನಂತೆ, ‘ಮಾವ, ಆ ಸಹಿ...’

‘ನೀನೆಲ್ಲಿ ಉಸ್ತುವಾರಿ ಮಾಡಿದೀಯಪ್ಪ? ನಾನು ಹೇಳಿದ್ದನ್ನ ಮಾಡಿಸಿದೀಯ. ಅಲ್ಲ, ಮನೇಲಿ ಒಂದು ಲೈಸೆನ್ಸ್ ಇರೋವಾಗ ಇನ್ನೊಂದು ಯಾಕೆ?’

ಅತ್ತೆ ಇನ್ನೊಂದು ಸೌಟು ಬಡಿಸಿದರಂತೆ. ಮಾತು ಅಲ್ಲಿಗೆ ಮುಗಿಯಿತು.

ಮಾವನ ಕೋಣೆಗೂ ಇವರ ಕೋಣೆಗೂ ನಡುವೆ ತೆಳು ಗೋಡೆ. ಈಚೆ ಗಂಡಹೆಂಡತಿ ಪಿಸುಗುಟ್ಟಿದರೆ ಆಚೆಯಿಂದ ಕೆಮ್ಮು. ‘ರೀ, ಬೇರೆಯವರ ಹತ್ರ ಸೇರ್ಕೊಳ್ಳಿ. ಬಾಡಿಗೆ ಮನೆಯಾದ್ರೂ ಸರಿ, ಹೋಗೋಣ’ ಎನ್ನುತ್ತಾಳೆ ಹೆಂಡತಿ. ಬೇರೆಯವರ ಹತ್ತಿರ ಹೋದರೆ ಐದು ವರ್ಷವನ್ನು ಮತ್ತೆ ಒಂದರಿಂದ ಎಣಿಸಬೇಕು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು.

ಹೀಗಿರುವಾಗ ಒಂದು ಮನೆಯ ಮೇಲ್ಮಹಡಿಗೆ ಬಾಲ್ಕನಿ ಎಳೆದರು. ಕಾಂಕ್ರೀಟ್ ಹಾಕಿ, ಕೆಳಗಿನಿಂದ ಆಧಾರಕ್ಕೆ ಕಂಬ ಕೊಟ್ಟಿದ್ದರು. ಮಾವನ ಫೋನ್ ಬಂತು. ಇನ್ನೊಂದು ಸೈಟಿಗೆ ಆ ಕಂಬಗಳು ಬೇಕು, ಇವತ್ತೇ ತೆಗೆಸಬೇಕು.

‘ಮಾವ, ಇನ್ನೂ ಗಟ್ಟಿಯಾಗಿಲ್ಲ. ಒಂದು ವಾರ ಬಿಡಿ.’

‘ನನಗೇ ಪಾಠ ಹೇಳ್ತೀಯಾ?’ ಪಕ್ಕದಲ್ಲಿ ಟೈಲ್ಸ್ ಕತ್ತರಿಸುತ್ತಿದ್ದ ನನಗೂ ಕೇಳಿಸಿತು.

ತೆಗೆಸಿದ. ಎರಡು ದಿನದಲ್ಲೇ ಬಾಲ್ಕನಿ ಮುಂದಕ್ಕೆ ಬಾಗಿ, ಗೋಡೆಗೆ ಸೇರುವಲ್ಲಿ ಬಿರುಕು ಬಿಟ್ಟಿತು. ಮನೆ ಕಟ್ಟಿಸುತ್ತಿದ್ದವರು ದೂರು ಕೊಟ್ಟರು. ಲೈಸೆನ್ಸ್ ಕಚೇರಿಯ ಅಧಿಕಾರಿ ಬಂದರು, ಮಾವನೂ ಬಂದು ನಿಂತರು.

‘ಇಲ್ಲಿ ಉಸ್ತುವಾರಿ ಯಾರದ್ದು?’

ಅವರು ಕೇಳಿ ಬಾಯಿ ಮುಚ್ಚುವುದರೊಳಗೆ ಮಾವ, ‘ಇವನದ್ದೇ ಸಾರ್. ಎಷ್ಟೋ ವರ್ಷದಿಂದ ಎಲ್ಲಾ ಸೈಟೂ ಇವನೇ ನೋಡ್ಕೊಳ್ಳೋದು’ ಎಂದರು.

ಅಳಿಯ ಮಾವನ ಮುಖವನ್ನೇ ನೋಡಿದ. ಕೇಳಿ ಕೇಳಿ ನಾಲಿಗೆ ಸವೆದಿದ್ದ ಮಾತು, ಈಗ ತಾನಾಗಿ ಬಂದಿತ್ತು! ನನಗೆ ಮೈ ಉರಿದುಹೋಯಿತು. ‘ಸಾರ್, ಕಂಬ ತೆಗೆಯೋಕೆ ಹೇಳಿದ್ದು ಇವರೇ. ನಾನು ಕಿವಿಯಾರೆ ಕೇಳಿದೀನಿ’ ಎಂದುಬಿಟ್ಟೆ. ಇವರು ಕೊಡುವ ಕೆಲಸ ಹೋದರೆ ಹೋಗಲಿ.

ಅಧಿಕಾರಿ ಅಳಿಯನ ಕಡೆ ತಿರುಗಿದರು. ‘ತೆಗೀಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?’

‘ಗೊತ್ತಿತ್ತು ಸಾರ್. ಬೇಡ ಅಂದೆ.’

‘ಆದ್ರೂ ತೆಗೆಸಿದ್ರಿ.’

‘ಮಾವ ಹೇಳಿದ್ರು...’

‘ಮಾವ ಹೇಳಿದ್ರೆ ಕಾಂಕ್ರೀಟ್ ಗಟ್ಟಿಯಾಗುತ್ತೇನ್ರೀ? ನಿಲ್ಲಿಸಬೇಕಾದಾಗ ನಿಲ್ಲಿಸೋದಕ್ಕೇ ಉಸ್ತುವಾರಿ ಅನ್ನೋದು. ಅದು ಆಗದಿದ್ರೆ ಹತ್ತು ವರ್ಷ ನಿಂತಿದ್ರೂ ಲೆಕ್ಕಕ್ಕೆ ಬರಲ್ಲ.’ ಅಧಿಕಾರಿ ಗದರಲಿಲ್ಲ, ಸುಮ್ಮನೆ ಹೇಳಿದರು. ಮಾವನಿಗೆ ನೋಟಿಸ್ ಕೊಟ್ಟು ಹೋದರು.

ಸಂಜೆ ಮಾವ ಕಾರಿನ ಬಾಗಿಲು ತೆರೆದು ಹಾರ್ನ್ ಹೊಡೆದರು.

‘ನನ್ನ ಗಾಡೀಲಿ ಬನ್ನಿ, ನಾನು ಬಿಡ್ತೀನಿ’ ಎಂದೆ.

‘ಎಲ್ಲಿಗೆ ಮೇಸ್ತ್ರಿ?’ ಎಂದು ಕೇಳಿ, ಅಳಿಯ ಹೋಗಿ ಮಾವನ ಪಕ್ಕ ಕೂತ.