ಮೀನಕ್ಕನ ಮೂಗು

ನಮ್ಮ ಮಾರ್ಕೆಟ್ಟಿನಲ್ಲಿ ಯಾರನ್ನೂ ನಂಬಬಾರದು ಎಂಬುದು ನನ್ನ ಮತ. ನಾನು ಬೆಳ್ಳುಳ್ಳಿ ಮಾರುವವನು; ಪಕ್ಕದ ಮೀನಿನ ಕಟ್ಟೆ ಮೀನಕ್ಕನದು. ಗಿರಾಕಿಗಳು ನನ್ನ ತಕ್ಕಡಿಯ ಮೇಲೆ ಕಣ್ಣಿಡುತ್ತಾರೆ, ನಾನು ಅವರ ಕೈ ಮೇಲೆ ಕಣ್ಣಿಡುತ್ತೇನೆ, ಮೀನಕ್ಕ ನಮ್ಮ ಯಾರನ್ನೂ ನಂಬುವುದಿಲ್ಲ. ಹಾಗಾಗಿಯೇ ನನಗೂ ಆಕೆಗೂ ಚೆನ್ನಾಗಿ ಹೊಂದುತ್ತಿತ್ತು.

ಆಕೆಯ ಬದುಕೆಲ್ಲ ಮೂಗಿನ ಮೇಲೆ ನಿಂತಿತ್ತು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ. ಇದ್ದೊಬ್ಬ ಮಗನನ್ನು ಈ ಕಟ್ಟೆಯ ದುಡಿಮೆಯಲ್ಲೇ ಸಾಕಿ ಮದುವೆ ಮಾಡಿದಳು. ಬೆಳಗ್ಗೆ ಲಾರಿ ಬಂದೊಡನೆ ಬುಟ್ಟಿಯಿಂದ ಒಂದು ಮೀನೆತ್ತಿ, ಕಿವಿರು ಬಿಡಿಸಿ ಮೂಸಿ, ‘ಇದು ನಿನ್ನೇದು, ನಿಮ್ಮ ಮನೆಗೇ ತಗೊಂಡು ಹೋಗು’ ಎಂದು ಲಾರಿಯವನ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು. ಐಸು ಸುರಿದು ಉಳಿದವರ ಕಣ್ಣಿಗೆ ಮಣ್ಣೆರಚಬಹುದಿತ್ತು, ಆಕೆಯ ಮೂಗಿಗಲ್ಲ. ಆಸ್ಪತ್ರೆಯ ಅಡುಗೆಯವನಂತೂ ಮುಟ್ಟಿಯೂ ನೋಡದೆ ಆಕೆ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ.

ಕಳೆದ ಚಳಿಗಾಲದಲ್ಲಿ ಮೀನಕ್ಕ ಜ್ವರ ಬಿದ್ದೆದ್ದಳು. ಆಮೇಲೆ ಸೊಸೆಯನ್ನು ಜೊತೆಗೆ ಕರೆತರತೊಡಗಿದಳು. ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು. ಅತ್ತೆ ಮೀನೆತ್ತಿ ಮೂಸಿದರೆ ಸೊಸೆಯೂ ಬಗ್ಗುತ್ತಿದ್ದಳು. ಸೊಸೆ ತಲೆಯಾಡಿಸಿದ ಮೇಲೆಯೇ ಅತ್ತೆ ಬಾಯಿ ಬಿಡುತ್ತಿದ್ದಳು. ಈ ಹುಡುಗಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಅತ್ತೆಯನ್ನು ಕಟ್ಟೆಯಿಂದ ಇಳಿಸುತ್ತಾಳೆ ಎಂದುಕೊಂಡೆ. ಸಾಲದ್ದಕ್ಕೆ ಎದುರಂಗಡಿಯ ಮೀನಿನವನ ಜೊತೆ ಅವಳು ನಗುನಗುತ್ತಾ ಮಾತಾಡುವುದೂ ಕಣ್ಣಿಗೆ ಬಿತ್ತು. ಸುಮ್ಮನಿರಲಾಗದೆ ಮೀನಕ್ಕನ ಕಿವಿಗೆ ಹಾಕಿದೆ. ‘ನಾನೂ ನೋಡಿದೀನಿ’ ಎಂದಷ್ಟೇ ಹೇಳಿದಳು.

ಮೊನ್ನೆ ಸೊಸೆ ತಡವಾಗಿ ಬಂದಳು. ಅಷ್ಟರಲ್ಲಿ ಮೀನಕ್ಕ ಒಬ್ಬಳೇ, ಆಸ್ಪತ್ರೆಯವನಿಗೆಂದು, ಲಾರಿಯಿಂದ ದೊಡ್ಡ ಬುಟ್ಟಿ ಇಳಿಸಿಕೊಂಡಿದ್ದಳು. ಸೊಸೆ ಬಗ್ಗಿದವಳೇ ಮುಖ ಕಿವುಚಿದಳು.

‘ಅತ್ತೆ, ಇದು ಬೇಡ. ಕೆಟ್ಟಿದೆ.’

‘ಕಿವಿರು ಕೆಂಪಗಿದೆಯಲ್ಲ, ಏನಾಗಿದೆ ಇದಕ್ಕೆ?’

‘ಬಣ್ಣ ಹಚ್ಚಿದಾರೆ. ಒಳಗಿಂದ ವಾಸನೆ ಬರ್ತಿದೆ.’

ಮೀನಕ್ಕ ನನ್ನ ತೋಳು ಹಿಡಿದು ಗೋಣಿಚೀಲಗಳ ಹಿಂದಕ್ಕೆ ಎಳೆದೊಯ್ದಳು. ‘ಅಣ್ಣ, ಯಾರಿಗೂ ಹೇಳ್ಬೇಡ. ಜ್ವರ ಬಂದಾಗಿಂದ ನನಗೆ ವಾಸನೆ ಗೊತ್ತಾಗಲ್ಲ. ಇವಳು ಹೇಳಿದ್ದಕ್ಕೆಲ್ಲ ಹೂಂ ಅಂತಿದೀನಿ. ನಿಜ ಹೇಳ್ತಿದಾಳೋ, ಗಿರಾಕೀನ ಎದುರಂಗಡಿಗೆ ದಾಟಿಸೋಕೆ ನೋಡ್ತಿದಾಳೋ? ನೀನೊಂದ್ಸಲ ಮೂಸಿ ಹೇಳು.’

ಬೇರೆ ಯಾರನ್ನು ಕೇಳಿದರೂ ಸಂಜೆಯೊಳಗೆ ಮಾರ್ಕೆಟ್ಟಿಗೆಲ್ಲ ಸುದ್ದಿಯಾಗಿ ಆಕೆಯ ಹೆಸರು ಮಣ್ಣುಪಾಲಾಗುತ್ತಿತ್ತು. ಕೆಟ್ಟ ಮೀನು ರೋಗಿಗಳ ಹೊಟ್ಟೆಗೆ ಹೋದರೆ ಇನ್ನೂ ಅನಾಹುತ. ಬುಟ್ಟಿಯೊಳಗೆ ತಲೆಯಿಟ್ಟು ಉಸಿರೆಳೆದೆ. ಬೆಳ್ಳುಳ್ಳಿ. ಇನ್ನೊಮ್ಮೆ ಎಳೆದೆ. ಬೆಳ್ಳುಳ್ಳಿಯೇ.

‘ಅಕ್ಕ, ನನ್ನ ಮೂಗಿಗೆ ಬೆಳ್ಳುಳ್ಳಿ ಬಿಟ್ರೆ ಬೇರೇನೂ ಹತ್ತಲ್ಲ’ ಎಂದೆ. ಆಕೆ ಸುಟ್ಟುಬಿಡುವಂತೆ ನೋಡಿದಳು.

ಅಷ್ಟರಲ್ಲಿ ಅಡುಗೆಯವನು ಚೀಲ ಹಿಡಿದು ಬಂದೇಬಿಟ್ಟ. ಮೀನಕ್ಕ ಬಾಯಿ ತೆರೆಯುವ ಮೊದಲೇ ಸೊಸೆ ಬುಟ್ಟಿಯ ಮೇಲೆ ಗೋಣಿ ಎಳೆದಳು. ‘ಇವತ್ತು ನಮ್ಮಲ್ಲಿ ಒಳ್ಳೇದಿಲ್ಲ ಅಣ್ಣ. ಎದುರಂಗಡೀಲಿ ತಗೊಳ್ಳಿ.’

ನಾನು ಹೇಳಿರಲಿಲ್ಲವೇ ಎಂದಿತು ನನ್ನ ಮನಸ್ಸು. ಮೀನಕ್ಕನ ಮುಖ ಕಪ್ಪಿಟ್ಟಿತು. ಅಡುಗೆಯವನು ಅತ್ತ ಹೋದ, ಎದುರಂಗಡಿಯವನು ಹಲ್ಲುಬಿಟ್ಟ.

ಮಧ್ಯಾಹ್ನ ಕಟ್ಟೆ ತೊಳೆಯುವ ಹೊತ್ತಿಗೆ ಮೀನಕ್ಕ ಆ ಬುಟ್ಟಿಯಿಂದ ಒಂದು ಮೀನೆತ್ತಿ, ಕಾಗದದಲ್ಲಿ ಸುತ್ತಿ, ತನ್ನ ಚೀಲಕ್ಕೆ ಹಾಕಿಕೊಂಡಳು.

‘ಅದ್ಯಾಕೆ ಅತ್ತೆ?’

‘ಹುರಿದು ನಾನೇ ತಿಂತೀನಿ. ಮೂಗಿಗೆ ಗೊತ್ತಾಗದ್ದು ಹೊಟ್ಟೆಗಾದ್ರೂ ಗೊತ್ತಾಗುತ್ತಲ್ಲ. ನಿನ್ನ ಬಣ್ಣ ಬಯಲಾಗ್ಲಿ.’

ಸೊಸೆ ಚೀಲಕ್ಕೆ ಕೈ ಹಾಕಿದಳು. ಇಬ್ಬರೂ ಎಳೆದಾಡಿ ಕಾಗದ ಹರಿಯಿತು. ಆ ಮೀನನ್ನು ಕಿತ್ತು ಕಸದ ಡಬ್ಬಿಗೆ ಎಸೆದು, ಇಡೀ ಬುಟ್ಟಿಯನ್ನೂ ಅದರೊಳಗೆ ಬೋರಲು ಹಾಕಿ, ಸೊಸೆ ಒದ್ದೆ ನೆಲದ ಮೇಲೆ ಕೂತು ಅತ್ತಳು.

‘ನನ್ನ ಕಳ್ಳಿ ಅನ್ನಿ, ಮನೆಯಿಂದ ಆಚೆ ಹಾಕಿ. ಅದನ್ನ ಮಾತ್ರ ತಿನ್ಬೇಡಿ ಅತ್ತೆ. ನಿಮಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?’

ಮೀನಕ್ಕ ನನ್ನತ್ತ ತಿರುಗಿದಳು. ಇದೂ ನಾಟಕವೇ ಎಂದು ಕಣ್ಣಲ್ಲೇ ನನ್ನನ್ನು ಕೇಳಿದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಕೊಡ ಎತ್ತಿ ಸೊಸೆಯ ಕೈಗೆ ನೀರು ಸುರಿದಳು.

‘ತೊಳ್ಕೋ. ನಾಳೆ ಲಾರಿ ಹತ್ರ ನೀನೇ ಹೋಗು. ನಾನು ಬರಲ್ಲ.’