ಮೂವತ್ತೆರಡನೆಯ ವಿಡಿಯೊ

ಇವತ್ತು ಬೆಳಿಗ್ಗೆ, ಸೆಖೆ ಶುರುವಾಗುವ ಮುಂಚೆ ಎಸಿ ತೊಳೆಯಲು ಬಂದವನು ಸ್ವಿಚ್ ಆರಿಸಿದ ತಕ್ಷಣ ಕೋಣೆ ನಿಶ್ಶಬ್ದವಾಯಿತು. ನನ್ನ ಕೈ ತಾನಾಗಿಯೇ ಫೋನಿನ ಕಡೆಗೆ ಹೋಯಿತು. ರೆಕಾರ್ಡ್ ಮಾಡುವಂಥದ್ದೇನೂ ಅಲ್ಲಿರಲಿಲ್ಲ. ಆದರೆ ಇಂಥ ಮೌನಕ್ಕಾಗಿ ನಾನು ಒಂದು ಇಡೀ ಬೇಸಗೆ ಎರಡು ಜೀವಗಳನ್ನು ಬೇಯಿಸಿದವಳು. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಇಲ್ಲಿ ಗಲ್ಫಿನಲ್ಲಿ, ನೈಫ್ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸ್ಟಾಕ್ ಬರೆಯುವವಳು. ಎಣಿಸುವ ಚಟ ಅಲ್ಲಿ ಅಂಟಿದ್ದಲ್ಲ. ಐದನೇ ತರಗತಿಯ ಡೈರಿಯಲ್ಲೂ ಶಾಲೆಯ ದಾರಿಯಲ್ಲಿ ಎದುರಾದ ಬಸ್ಸುಗಳ ಲೆಕ್ಕ ಇದೆ. ಯಾಕೆ ಬರೆದೆ ಎಂದು ಕೇಳಬೇಡಿ. ಶುರುಮಾಡಿ ಬಿಟ್ಟ ಕೆಲಸಗಳ ಲೆಕ್ಕವೂ ಅಷ್ಟೇ ನಿಖರವಾಗಿದೆ: ಅರೇಬಿಕ್ ಕ್ಲಾಸು ಹನ್ನೊಂದು ದಿನ, ಈಜು ನಾಲ್ಕು ದಿನ, ಬೆಳಗಿನ ನಡಿಗೆ ಒಂದೇ ದಿನ. ಆದ್ದರಿಂದ ಹೋದ ವರ್ಷ ಜನವರಿಯಲ್ಲಿ ಡೈರಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ವಾರಕ್ಕೊಂದು ವಿಡಿಯೊ, ವರ್ಷಕ್ಕೆ ಐವತ್ತೆರಡು. ಇದೊಂದನ್ನಾದರೂ ಮುಗಿಸದಿದ್ದರೆ ಇನ್ನು ಯಾವುದನ್ನೂ ಶುರುಮಾಡುವುದಿಲ್ಲ ಎಂದು ತೀರ್ಮಾನಿಸಿದ್ದೆ.

ವಿಷಯ ಸೂಜಿ, ದಾರ. ಕೈಯಲ್ಲೇ ಬಟನ್ ಹಾಕುವುದು, ಹರಿದ ಜೇಬು ಸರಿಮಾಡುವುದು, ಪ್ಯಾಂಟಿನ ಅಂಚು ಮಡಿಚಿ ಹೊಲಿಯುವುದು. ಮನೆ ನಡೆಸುವ ಹೆಂಗಸರು ನೋಡುತ್ತಾರೆ ಅಂದುಕೊಂಡಿದ್ದೆ. ನೋಡಿದವರು ಮುಹೈಸ್ನಾದ ಲೇಬರ್ ಕ್ಯಾಂಪಿನ ರೂಮುಗಳ ಗಂಡಸರು. ‘ಅಕ್ಕಾ, ಯೂನಿಫಾರ್ಮಿನ ಜಿಪ್ ಕೈ ಕೊಟ್ಟಿದೆ, ಐದು ಗಂಟೆಗೆ ಬಸ್ ಬರ್ತದೆ, ಬೇಗ ಹೇಳಿ’ ಎಂದು ಒಬ್ಬ ಬರೆದಿದ್ದ. ಅವನ ಬಸ್ ಹೊರಟು ಆರು ತಾಸಿನ ಮೇಲೆ ನಾನದನ್ನು ಓದಿದೆ. ಪಾಪ, ಹೇಗೆ ಹೋದನೋ.

ಊದ್ ಮೇಥಾದಲ್ಲಿ ನಾವು ಮೂವರಿಗೆ ಒಂದು ಕೋಣೆ. ಕಿಟಕಿ ಪಕ್ಕದ ಮಂಚ ಲವೀನಾಳದು. ಹೋಟೆಲೊಂದರ ರಿಸೆಪ್ಶನಿನಲ್ಲಿ ಇಡೀ ದಿನ ನಗುವವಳು, ಹಾಗಾಗಿ ಮನೆಯಲ್ಲಿ ನಗುವುದಿಲ್ಲ. ಬಾಗಿಲ ಪಕ್ಕದ್ದು ವಸಂತಿ ಅಕ್ಕನದು. ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್, ನಮ್ಮಿಬ್ಬರಿಗಿಂತ ಹದಿನೈದು ವರ್ಷ ದೊಡ್ಡವರು. ನಮ್ಮ ಎಸಿ ಮುದಿ ಎಮ್ಮೆಯ ಹಾಗೆ ಉಸಿರುಬಿಡುತ್ತಿತ್ತು. ಮೈಕಿನಲ್ಲಿ ನನ್ನ ಮಾತಿಗಿಂತ ಅದರ ಸದ್ದೇ ಜೋರು. ಆದ್ದರಿಂದ ಭಾನುವಾರ ಮಧ್ಯಾಹ್ನ ಎಸಿ ಆರಿಸಿ, ಕಿಟಕಿ ಬಾಗಿಲು ಮುಚ್ಚಿ, ಹತ್ತು ನಿಮಿಷ ಶೂಟಿಂಗ್ ಎಂದು ನಿಯಮ ಮಾಡಿದೆ. ಹೊಲಿಗೆಯನ್ನು ನಡುವೆ ಕತ್ತರಿಸಿ ತೋರಿಸಿದರೆ ಸೂಜಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನೋಡುವವರಿಗೆ ತಿಳಿಯುವುದಿಲ್ಲ. ಎಲ್ಲವೂ ಒಂದೇ ಟೇಕಿನಲ್ಲಿ ಆಗಬೇಕು. ಯಾರಾದರೂ ಸದ್ದು ಮಾಡಿದರೆ ಮತ್ತೆ ಮೊದಲಿಂದ. ಹಾಗಾಗಿ ನನ್ನ ಹತ್ತು ನಿಮಿಷ ಕೆಲವೊಮ್ಮೆ ನಲವತ್ತಾಗುತ್ತಿತ್ತು.

“ನಿನ್ನ ಒಂದು ಬಟನಿಗೆ ನಾನು ಕುಚ್ಚಲಕ್ಕಿ ಹಾಗೆ ಬೇಯ್ಬೇಕಾ? ಯಲ್ಲಾ, ಬೇಗ ಖಲಾಸ್ ಮಾಡು ಮಾರಾಯ್ತಿ!” ಎನ್ನುತ್ತಿದ್ದಳು ಲವೀನಾ.

“ಅವಳು ಒಂದು ಕೆಲಸ ಹಿಡಿದಿದ್ದಾಳೆ, ಮಾಡ್ಲಿ ಬಿಡು,” ಎಂದು ವಸಂತಿ ಅಕ್ಕ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. “ನಾನೊಂದು ಇದ್ದೇನೆ ಅಂತ್ಲೇ ಲೆಕ್ಕ ಇಡ್ಬೇಡ ನೀನು.”

ನಾನು ಇಡಲಿಲ್ಲ. ಅದೇ ನನ್ನ ತಪ್ಪು. ಡೈರಿಯಲ್ಲಿ ಟೇಕ್ ಎಷ್ಟು, ನಿಮಿಷ ಎಷ್ಟು, ದಾರ ಯಾವ ಬಣ್ಣ ಎಂಬುದಕ್ಕೆಲ್ಲ ಅಂಕಣಗಳಿದ್ದವು. ಆಗಸ್ಟಿನ ಎರಡನೇ ಭಾನುವಾರದ ಪುಟದಲ್ಲಿ ಹೀಗಿದೆ: ‘ವಿಡಿಯೊ ಮೂವತ್ತೆರಡು. ಟೇಕ್ ನಾಲ್ಕು. ಕೋಣೆ ಶಾಂತ. ಒಳ್ಳೆಯ ದಿನ.’

ಮರುದಿನ ಹೆಡ್‌ಫೋನ್ ಹಾಕಿ ಎಡಿಟ್ ಮಾಡುವಾಗ ಏಳನೇ ನಿಮಿಷದಲ್ಲಿ ಏನೋ ಕೇಳಿಸಿತು. ಕೆಮ್ಮಲ್ಲ, ಕೆಮ್ಮು ಬರುವ ಮುಂಚೆ ಗಂಟಲಲ್ಲೇ ಒತ್ತಿಹಿಡಿದಂಥ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೊಂದು. ಎಣಿಸಿದೆ, ಇನ್ನೇನು ಮಾಡಲಿ? ಒಂಬತ್ತು. ಸಂಜೆ ಡ್ಯೂಟಿಯಿಂದ ಬಂದ ವಸಂತಿ ಅಕ್ಕನಿಗೆ ಅದನ್ನು ಹಾಕಿ ಕೇಳಿಸಿದೆ.

“ಓ, ಅದಾ? ನಿನ್ನೆ ಸ್ವಲ್ಪ ಜ್ವರ ಇತ್ತು,” ಎಂದರು ಅಕ್ಕ, ಚಪ್ಪಲಿ ಕಳಚುತ್ತಾ. “ಕೆಮ್ಮಿದ್ರೆ ನಿಂದು ಪುನಃ ಮೊದಲಿಂದ ಅಲ್ವಾ? ದಿಂಬು ಕಚ್ಚಿಕೊಂಡೆ.”

ನಾಲ್ಕು ಟೇಕ್. ಆಗಸ್ಟಿನ ಮಧ್ಯಾಹ್ನ, ಮುಚ್ಚಿದ ಕೋಣೆ, ಜ್ವರ.

ಆ ವಾರ ನಾನು ಸೂಜಿ ಮುಟ್ಟಲಿಲ್ಲ. ಭಾನುವಾರ ಬಂತು; ಎಸಿ ತನ್ನ ಪಾಡಿಗೆ ಉಸಿರಾಡುತ್ತಿತ್ತು, ನಾನು ಗೋಡೆ ನೋಡುತ್ತಾ ಕೂತಿದ್ದೆ. ಅಕ್ಕ ಎದ್ದು ಕೂತರು.

“ಎಂಥ, ಇವತ್ತು ಇಲ್ವಾ?”

“ಸಾಕು ಅಕ್ಕಾ, ನಿಲ್ಲಿಸ್ತೇನೆ. ನಿಮಗೆಲ್ಲ ತೊಂದರೆ.”

ಅವರಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. “ನೀನು ನಿಲ್ಲಿಸ್ಲಿ ಅಂತ ನಾನು ದಿಂಬು ಕಚ್ಚಿದ್ದಾ? ತೊಂದರೆ ಆದದ್ದು ಎಸಿದು. ಅದನ್ನು ಸರಿ ಮಾಡು. ಇಪ್ಪತ್ತು ಬಾಕಿ ಉಂಟಲ್ಲ? ನಂಗೂ ಲೆಕ್ಕ ಬರ್ತದೆ.”

ಸರಿ ಮಾಡಲು ಹೊರಟೆ. ಕಂಬಳಿಯೊಳಗೆ ಕೂತು ಮಾತಾಡಿದೆ; ಕತ್ತಲಲ್ಲಿ ಬೆರಳು ಚುಚ್ಚಿಕೊಂಡೆ. ಮೆಟ್ಟಿಲ ಮೇಲೆ ಕೂತೆ. ಹೋಗಿಬರುವವರೆಲ್ಲ ಏನಾಯಿತಮ್ಮಾ ಎಂದು ಕೇಳಿದರು. ಮೂರು ವಾರ ಕಳೆದ ಮೇಲೆ ಎಸಿ ಹಾಕಿಕೊಂಡೇ, ಮೈಕನ್ನು ಕಾಲರಿಗೆ ಸಿಕ್ಕಿಸಿ, ಜೋರಾಗಿ ಮಾತಾಡಿದೆ. ಸದ್ದು ಪೂರ್ತಿ ಹೋಗಲಿಲ್ಲ. ಹಾಗೆಯೇ ಹಾಕಿದೆ. ತಪ್ಪಿದ ಮೂರಕ್ಕೆ ಸೆಪ್ಟೆಂಬರಿನಲ್ಲಿ ವಾರಕ್ಕೆರಡು ಮಾಡಿ, ಡಿಸೆಂಬರಿನ ಕೊನೆಯ ಭಾನುವಾರ ಐವತ್ತೆರಡು ಮುಗಿಸಿದೆ. ಮೂವತ್ತೆರಡನೆಯದರಲ್ಲಿ ಆ ಒಂಬತ್ತು ಸದ್ದುಗಳನ್ನು ಅಳಿಸುವುದು ಸುಲಭವಿತ್ತು, ಅಳಿಸಲಿಲ್ಲ. ಯಾರೂ ಗಮನಿಸಿಲ್ಲ.

ಇವತ್ತು ಅರವತ್ತೈದನೆಯದು. ಎಸಿಯವನು ಹೋದ ಮೇಲೆ ಶುರುಮಾಡಿದೆ. ಕೆಲಸದ ಅಂಗಿಯ ಕಂಕುಳ ಹೊಲಿಗೆ ಬಿಚ್ಚಿದರೆ ಏನು ಮಾಡಬೇಕು ಎಂಬ ಪಾಠ. ಒಂಬತ್ತನೇ ನಿಮಿಷ, ಇನ್ನೇನು ಮುಗಿಯಿತು ಅನ್ನುವಾಗ ಬಾಗಿಲ ಪಕ್ಕದ ಮಂಚದಿಂದ ದನಿ ಬಂತು.

“ಏ, ಗಂಟು ಹಾಕ್ಲೇ ಇಲ್ಲ ನೀನು.”

“ಹಾಕಿದ್ದೇನೆ ಅಕ್ಕಾ.”

“ಎಂಥ ಹಾಕಿದ್ದು? ಎಳೆದು ನೋಡು.”

ಎಳೆದೆ. ಅಷ್ಟು ದಾರವೂ ಕೈಗೆ ಬಂತು. ಲವೀನಾ ಬಿದ್ದು ಬಿದ್ದು ನಕ್ಕಳು. ಕ್ಯಾಮೆರಾ ಓಡುತ್ತಲೇ ಇತ್ತು. ನಾನು ಅದರ ಕಡೆ ತಿರುಗಿ, “ನೋಡಿದ್ರಲ್ಲ, ವಸಂತಿ ಅಕ್ಕ ಹೇಳಿದ್ದೇ ಸರಿ. ಮತ್ತೆ ಮೊದಲಿಂದ ಹೊಲಿಯೋಣ,” ಎಂದು ಸೂಜಿಗೆ ದಾರ ಪೋಣಿಸಿದೆ.