ಕುಂಬಳಕಾಯಿಗೆ ಮೊದಲ ಚಾಕು

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಣ್ಮಕ್ಕಳು ಮೊದಲ ಚಾಕು ಹಚ್ಚಂಗಿಲ್ಲ. ಗಂಡಸು ಒಂದು ಸೀಳು ಹಾಕಿ ಕೊಡಬೇಕು, ಆಮ್ಯಾಲ ನಾವು ಹೆಚ್ಚಬೇಕು. ಗಂಡಸರು ಹೊಲದಾಗಿದ್ದರ ಪಲ್ಯೆ ಸಂಜೀತನಕ ಕಾಯತಿತ್ತು. ಈ ಪದ್ಧತಿ ನನ್ನ ಜೀವಕ್ಕ ಬರತೈತಿ ಅಂತ ಯಾರಿಗೆ ಗೊತ್ತಿತ್ತು?

ಚೊಚ್ಚಲ ಬಸುರಿ ನಾ, ತವರುಮನಿ ಘೋಡಗೇರಿಗೆ ಬಂದಿದ್ದೆ. ಹೊಟ್ಟಿ ಹೆಂಗಿತ್ತಂದ್ರ, ಅಡಗಿಮನಿಗೆ ನನ್ನಕಿಂತ ಮೊದಲ ಅದು ಹೋಗತಿತ್ತು. ಬ್ಯಾನಿ ಸುರುವಾಗಿ ಹೊತ್ತು ಮುಳುಗಿ ಹುಟ್ಟಿದರೂ ಕೂಸು ಬರಲಿಲ್ಲ. ಅವ್ವ ಚಕ್ಕಡಿ ಹೂಡಿಸಿ ಗೋಕಾಕದ ದವಾಖಾನಿಗೆ ಕರಕೊಂಡು ಬಂದಳು. ಡಾಕ್ಟರ್ ಬಾಯಾರು ಹೊಟ್ಟಿ ಮುಟ್ಟಿ ನೋಡಿದರು. ಅವಳಿ ಅದಾವ, ಮುಂದಿನದು ಅಡ್ಡ ಮಲಗೇತಿ, ಹೊಟ್ಟಿ ಕೊಯ್ದು ತಗೀದಿದ್ರ ಮೂರೂ ಜೀವ ಉಳಿಯಂಗಿಲ್ಲ ಅಂದರು.

ಅಷ್ಟರಾಗ ಸುದ್ದಿ ತಿಳಿದು ಕುಲಗೋಡದಿಂದ ಅತ್ತಿ ಬಂದಳು, ಹಿಂದ ನನ್ನ ಗಂಡ. ಬಂದಾಕಿನ ಆಪರೇಶನ್ ಖೋಲಿ ಬಾಗಲಿಗೆ ಅಡ್ಡ ಕುಂತಳು. ಕೊಯ್ಯೂದು ಬ್ಯಾಡ ಅನ್ನಂಗಿಲ್ಲ, ಆದರ ಡಾಕ್ಟರ್ ಹೆಣ್ಮಗಳು, ತುಂಬಿದ ಹೊಟ್ಟಿ ಇಡೀ ಕುಂಬಳಕಾಯಿ ಇದ್ದಂಗ, ಗಂಡಸ ಮೊದಲ ಚಾಕು ಹಚ್ಚಬೇಕು ಅಂತ ಹಟ. ಡಾಕ್ಟರ್ ಬಾಯಾರು ಬೈದರು, ಅವ್ವ ಕೈ ಮುಗಿದಳು, ಅತ್ತಿ ಜಗ್ಗಲಿಲ್ಲ. ಅಲ್ಲಿದ್ದ ಗಂಡಸು ನನ್ನ ಗಂಡ ಒಬ್ಬನ. ಸೂಜಿ ಕಂಡರ ಬೆವರಾಂವ, ಆಗಲೇ ಗ್ವಾಡಿ ಹಿಡಕೊಂಡು ನಿಂತಿದ್ದ.

ನನಗ ಸಾಯೋ ಅಂಜಿಕಿ ಒಂದು ಕಡೆ, ಸಿಟ್ಟು ಒಂದು ಕಡೆ. ಇಕಿ ಕುಂಬಳಕಾಯಿ ಶಾಸ್ತ್ರಕ್ಕ ನನ್ನ ಮಕ್ಕಳು ಹೋಗಬೇಕೇನು? ಅಂಥಾ ಬ್ಯಾನಿಯೊಳಗೂ ತಲಿ ಓಡಿತು. ಅತ್ತೀನ ಹತ್ತಿರ ಕರದೆ.

"ಅತ್ತಿ, ಒಳಗಿಂದ ಗಂಡಸು ಆಗಲೇ ಒದ್ದು ಸೀಳು ಹಾಕ್ಯಾನ್ರಿ. ಬಾಯಾರು ಬರೇ ಹೆಚ್ಚತಾರ."

ಅತ್ತಿ ಮುಖ ಅರಳಿತು. ಗಂಡು ಅಂತ ಹೆಂಗ ಗೊತ್ತು ಅಂದಳು. ಇಷ್ಟು ಜೋರು ಒದಿಯಾಂವ ಮತ್ಯಾರು ಅಂದೆ. ಸೆರಗು ಝಾಡಿಸಿ ಎದ್ದು ಬಾಗಲ ಬಿಟ್ಟಳು.

ನನಗ ಎಚ್ಚರಾದಾಗ ಬಾಜೂಕ ಎರಡು ಕೂಸು, ಎರಡೂ ಹೆಣ್ಣು. ಅತ್ತಿ ತುಟಿ ಬಿಗಿದು ಕುಂತಿದ್ದಳು. ಒಂದು ಕೂಸು ಅಕಿ ಬೆರಳು ಗಟ್ಟಿ ಹಿಡಕೊಂಡಿತ್ತು, ಬಿಡಿಸಿಕೊಳ್ಳಾಕ ಅಕಿಗೂ ಮನಸಿದ್ದಂಗ ಕಾಣಲಿಲ್ಲ. ಗಂಡಸು ಎಲ್ಲಿ ಅಂತ ಅಕಿ ಕೇಳಲೇ ಇಲ್ಲ, ನನಗ ಅದಕ್ಕ ಹೆಚ್ಚು ಅಂಜಿಕಿ ಆತು.

ಬಾಣಂತನ ಮುಗಿಸಿ ಕುಲಗೋಡಕ್ಕ ಹೋದ ದಿನ ಅತ್ತಿ ಒಂದು ಇಡೀ ಕುಂಬಳಕಾಯಿ ತಂದು ನನ್ನ ಮುಂದ ಇಟ್ಟಳು. ರೂಢಿಯಂಗ ನನ್ನ ಗಂಡ ಚಾಕುವಿಗೆ ಕೈ ಚಾಚಿದ. ಅತ್ತಿ ಅವನ ಕೈ ಸರಿಸಿ ಚಾಕು ನನಗ ಕೊಟ್ಟಳು.

"ಹಚ್ಚವ್ವಾ. ಈ ಮನ್ಯಾಗ ಮೊದಲ ಸೀಳು ಹಾಕಾವ್ರು ಯಾರಂತ ನನಗ ಗೊತ್ತಾಗೇತಿ."